ಪಕ್ಕದ ಸೀಟಿನವರನ್ನು ಕೇಳುತ್ತಿದ್ದ ಕಾಲ

ಸಾಫ್ಟ್‌ವೇರ್ ಕೆಲಸ ಅಂದರೆ ಒಬ್ಬರೇ ಕೂತು ಕಂಪ್ಯೂಟರ್ ನೋಡುವುದು ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಒಳಗಿರುವವರಿಗೆ ಗೊತ್ತು, ಅದರಲ್ಲಿ ಇನ್ನೊಬ್ಬರನ್ನು ಕೇಳುವುದೇ ಜಾಸ್ತಿ. "ಸ್ವಲ್ಪ ಬಂದು ನೋಡ್ತೀರಾ, ಯಾಕೋ ರನ್ ಆಗ್ತಿಲ್ಲ." ಈ ಮಾತು ಈಗ ಕಡಿಮೆಯಾಗುತ್ತಿದೆ. ಎಐ ಎಷ್ಟು ಜನರ ಕೆಲಸ ತೆಗೆಯುತ್ತದೆ ಎನ್ನುವ ಗದ್ದಲದಲ್ಲಿ ಇದು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಕೋಡನ್ನು ಜೊತೆಗೂಡಿ ನೋಡುವ ರೂಢಿ ಹಳೆಯದು. ನಾಲ್ಕು ಜನ ಕೂತು ಕೋಡ್ ಓದಿ ತಪ್ಪು ಹುಡುಕುವ ಕ್ರಮವನ್ನು ಐಬಿಎಂನ ಮೈಕೆಲ್ ಫೇಗನ್ 1976ರಲ್ಲೇ ವಿವರಿಸಿದ್ದರು. 90ರ ದಶಕದ ಕೊನೆಗೆ ಅಮೆರಿಕದ ಪ್ರೋಗ್ರಾಮರ್ ಕೆಂಟ್ ಬೆಕ್, ಒಂದೇ ಕಂಪ್ಯೂಟರಿನ ಮುಂದೆ ಇಬ್ಬರು ಕೂತು ಬರೆಯಿರಿ ಅಂದರು. 2008ರಲ್ಲಿ ಪ್ರೋಗ್ರಾಮರ್‌ಗಳು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುವ ವೆಬ್‌ಸೈಟ್ ಸ್ಟಾಕ್ ಓವರ್‌ಫ್ಲೋ ಬಂತು. ಪಕ್ಕದ ಸೀಟು ಇಡೀ ಜಗತ್ತಿನಷ್ಟು ದೊಡ್ಡದಾಯಿತು.

ನಾನು ಕೆಲಸಕ್ಕೆ ಸೇರಿದ್ದು ಆಗಲೇ. ರಾತ್ರಿ ಪ್ರಶ್ನೆ ಹಾಕಿ ಮಲಗಿದರೆ, ಬೆಳಿಗ್ಗೆಯೊಳಗೆ ಯಾವುದೋ ದೇಶದವರು ಬಿಡಿಸಿ ಉತ್ತರ ಬರೆದಿರುತ್ತಿದ್ದರು. ಅವರಿಗೆ ಸಿಗುತ್ತಿದ್ದದ್ದು ಬರೀ ಅಂಕಗಳು. ಬೈಗುಳವೂ ಇತ್ತು. "ಇದನ್ನು ಆಗಲೇ ಕೇಳಿದ್ದಾರೆ" ಅಂತ ಪ್ರಶ್ನೆ ಮುಚ್ಚಿಬಿಡುತ್ತಿದ್ದರು. ಆ ಭಯಕ್ಕೇ ಪ್ರಶ್ನೆಯನ್ನು ಹತ್ತು ಸಲ ತಿದ್ದುತ್ತಿದ್ದೆವು. ತಿದ್ದುವಾಗಲೇ ಎಷ್ಟೋ ಸಲ ಉತ್ತರ ಹೊಳೆಯುತ್ತಿತ್ತು.

ಅಲ್ಲಿ ಸಿಗದ್ದು ಆಫೀಸಿನಲ್ಲಿ ಸಿಗುತ್ತಿತ್ತು. ಒಮ್ಮೆ ಬ್ಯಾಂಕಿನ ಪ್ರಾಜೆಕ್ಟಿನಲ್ಲಿ ಅರ್ಥವಿಲ್ಲದ ಒಂದು ಸಾಲು ಕಂಡಿತು. ಅಳಿಸಲು ಹೊರಟಿದ್ದೆ. ಸೀನಿಯರ್ ಮೇಡಂ ತಡೆದರು. ತಿಂಗಳ ಕೊನೆಗೆ ಒಂದು ಶಾಖೆಯಿಂದ ಬರುವ ಫೈಲಿನಲ್ಲಿ ಖಾಲಿ ಸಾಲು ಇರುತ್ತದೆ, ಇದಿಲ್ಲದಿದ್ದರೆ ಲೆಕ್ಕವೇ ನಿಲ್ಲುತ್ತದೆ ಅಂದರು. ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಟೀ ಕುಡಿಯುತ್ತಾ ಆ ಬ್ಯಾಂಕಿನ ಪೂರ್ತಿ ಕಥೆ ಹೇಳಿದರು. ನಾನು ಕೆಲಸ ಕಲಿತದ್ದು ಹೀಗೆ.

ಮುಂದಿನದು ಬೇಗ ಬೇಗ ನಡೆಯಿತು. 2021ರಲ್ಲಿ ಕೋಡ್ ಬರೆದುಕೊಡುವ ಎಐ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ. ವಾರದೊಳಗೆ ಸ್ಟಾಕ್ ಓವರ್‌ಫ್ಲೋ ಚಾಟ್‌ಜಿಪಿಟಿಯ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯಾಗಿವೆ, ಆದರೆ ತಪ್ಪು ಜಾಸ್ತಿ ಎನ್ನುವುದು ಕಾರಣ. 2023ರ ಜೂನ್‌ನಲ್ಲಿ ಎಐ ಉತ್ತರಗಳನ್ನು ತೆಗೆಯಲು ಕಂಪನಿ ಅಡ್ಡಿ ಮಾಡಿತು ಅಂತ, ಪ್ರಶ್ನೋತ್ತರಗಳ ಮೇಲೆ ಕಣ್ಣಿಡುವ ಅಲ್ಲಿನ ಮಾಡರೇಟರ್‌ಗಳು ಮುಷ್ಕರ ಹೂಡಿದರು. 2024ರಲ್ಲಿ ಕಂಪನಿ, ಅಲ್ಲಿನ ಉತ್ತರಗಳನ್ನು ಬಳಸಲು ಬಿಡುವ ಒಪ್ಪಂದವನ್ನು ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಜೊತೆ ಮಾಡಿಕೊಂಡಿತು. ಬೇಸತ್ತ ಕೆಲವರು ತಮ್ಮ ಹಳೆಯ ಉತ್ತರಗಳನ್ನೇ ಅಳಿಸಲು ಹೋದರು. ಪುಕ್ಕಟೆಯಾಗಿ, ಪ್ರೀತಿಯಿಂದ ಬರೆದವರಿಗೆ ಹೊಟ್ಟೆ ಉರಿಯುವುದು ಸಹಜ ಅಲ್ವಾ? ಆದರೆ ಅಲ್ಲಿ ಪ್ರಶ್ನೆಗಳು ಇಳಿಯತೊಡಗಿದ್ದು ಚಾಟ್‌ಜಿಪಿಟಿಗಿಂತ ಮೊದಲೇ. ಎಲ್ಲವನ್ನೂ ಎಐ ತಲೆಗೆ ಕಟ್ಟುವ ಹಾಗಿಲ್ಲ.

ಒಳ್ಳೆಯದೂ ಆಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿಗೆ ಬಂದವರಿಗೆ ಮೀಟಿಂಗಿನಲ್ಲಿ ಇಂಗ್ಲಿಷಿನಲ್ಲಿ ಬಾಯಿ ಬಿಡುವುದೇ ದೊಡ್ಡ ಕಷ್ಟ. ಈಗ ರಾತ್ರಿ ಎರಡು ಗಂಟೆಗೂ ಎಐಯನ್ನು ಕನ್ನಡದಲ್ಲೇ ಕೇಳಬಹುದು. ಎಷ್ಟು ಸಲ ಕೇಳಿದರೂ ಯಾರೂ ನಗುವುದಿಲ್ಲ. ಇದು ಸಣ್ಣ ಬಿಡುಗಡೆಯಲ್ಲ.

ಆದರೆ ಭಾರ ಬೇರೆ ಕಡೆ ವಾಲಿದೆ. ಕೋಡ್ ಬರೆಯುವುದು ನಿಮಿಷಗಳ ಕೆಲಸವಾದರೂ ಓದುವುದು ಹಾಗಲ್ಲ. 2025ರಲ್ಲಿ ಮೀಟರ್ ಎಂಬ ಸಂಸ್ಥೆ 16 ಅನುಭವಿ ಡೆವಲಪರ್‌ಗಳಿಗೆ ಅವರದೇ ಪ್ರಾಜೆಕ್ಟುಗಳ 246 ಕೆಲಸ ಕೊಟ್ಟು ನೋಡಿತು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ಅವರಿಗೆ ಮಾತ್ರ ಶೇ 20ರಷ್ಟು ಬೇಗ ಮುಗಿದಂತೆ ಅನ್ನಿಸಿತ್ತು. ಸಣ್ಣ ಅಧ್ಯಯನ, ಆ ಹೊತ್ತಿನ ಎಐ. ಆದರೂ ಅನ್ನಿಸುವುದಕ್ಕೂ ಆಗುವುದಕ್ಕೂ ಇಷ್ಟು ದೂರ ಇರಬಹುದು ಅಂತ ತೋರಿಸಿತು.

ಆ ಮೇಡಂ ಈಗಲೂ ಕೆಲಸದಲ್ಲಿದ್ದಾರೆ. ದಿನವಿಡೀ ಬೇರೆಯವರ ಕೋಡ್ ರಿವ್ಯೂ ಮಾಡುತ್ತಾರೆ. ಮೊನ್ನೆ ಒಬ್ಬ ಹೊಸ ಹುಡುಗನ ಕೋಡಿನಲ್ಲಿ "ಇದನ್ನು ಯಾಕೆ ಹೀಗೆ ಬರೆದೆ?" ಅಂತ ಕಾಮೆಂಟ್ ಹಾಕಿದರಂತೆ. ಅರ್ಧ ನಿಮಿಷದಲ್ಲಿ ನಾಲ್ಕು ಪ್ಯಾರಾ ಉತ್ತರ ಬಂತು. ಅದೂ ಎಐ ಬರೆದದ್ದೇ. ಮೇಡಂ ಎದ್ದು ಅವನ ಸೀಟಿನ ಹತ್ತಿರ ಹೋಗಿ, ಒಂದು ಕುರ್ಚಿ ಎಳೆದುಕೊಂಡು ಕೂತರು.