ಲೈಫ್ ಸರ್ಟಿಫಿಕೇಟ್ ಮೊಬೈಲಿಗೆ ಬಂದ ಬಗೆ

ನವೆಂಬರ್ ಬಂತೆಂದರೆ ಪಿಂಚಣಿದಾರರ ಮನೆಗಳಲ್ಲಿ ಒಂದೇ ವಿಚಾರಣೆ: ಲೈಫ್ ಸರ್ಟಿಫಿಕೇಟ್ ಆಯ್ತಾ? ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ದಶಕಗಳ ಕಾಲ ಇದಕ್ಕಿದ್ದ ದಾರಿ ಎರಡೇ. ಖುದ್ದಾಗಿ ಬ್ಯಾಂಕಿಗೆ ಹೋಗಬೇಕು, ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ತರಬೇಕು.

2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ಶುರು ಮಾಡಿತು. ಬೆರಳಚ್ಚು ಅಥವಾ ಕಣ್ಣಿನ ಪಾಪೆ ಆಧಾರ್ ಜೊತೆ ತಾಳೆಯಾದರೆ ಸಾಕು, ಕಾಗದ ಬೇಡ. ಒಳ್ಳೆಯ ಯೋಚನೆಯೇ. ಆದರೆ ವಯಸ್ಸಾದಂತೆ ಚರ್ಮ ಒಣಗುತ್ತದೆ, ಬೆರಳಿನ ಗೆರೆ ಸವೆಯುತ್ತದೆ. ಬೀಡಿ ಕಟ್ಟಿದ, ಕಾರ್ಖಾನೆಯಲ್ಲಿ ದುಡಿದ ಕೈಗಳದ್ದಂತೂ ಕೇಳುವುದೇ ಬೇಡ. ಎಣ್ಣೆ ಹಚ್ಚಿ, ಒರೆಸಿ, ಹತ್ತು ಬೆರಳನ್ನೂ ಒತ್ತಿಸಿದರೂ ಯಂತ್ರ ಒಪ್ಪುವುದಿಲ್ಲ.

2020ರಲ್ಲಿ ಪೋಸ್ಟ್‌ಮ್ಯಾನ್ ಯಂತ್ರ ಹಿಡಿದು ಮನೆಗೇ ಬರತೊಡಗಿದರು. ಆಗಿನ ಶುಲ್ಕ 70 ರೂಪಾಯಿ. ಪಿಎಫ್ ಪಿಂಚಣಿಯ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಎಂಬುದನ್ನು ಇಲ್ಲಿ ನೆನಪಿಡಬೇಕು. ಮರುವರ್ಷ ಮುಖ ಗುರುತಿಸುವ ಆ್ಯಪ್ ಬಂತು. ಅದನ್ನು ಜನರಿಗೆ ಮುಟ್ಟಿಸುವ ಅಭಿಯಾನ 2022ರಲ್ಲಿ 37 ನಗರಗಳಲ್ಲಿ, 2023ರಲ್ಲಿ 100 ನಗರಗಳಲ್ಲಿ ನಡೆಯಿತು.

ಈ ಆ್ಯಪ್ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫೋನಿನಲ್ಲಿ ಎರಡು ಆ್ಯಪ್ ಇರಬೇಕು. ಮೊದಲು ‘ಆಪರೇಟರ್’ ತನ್ನ ಆಧಾರ್ ಕೊಟ್ಟು ಮುಖ ತೋರಿಸಬೇಕು. ಹೆಚ್ಚಿನ ಮನೆಗಳಲ್ಲಿ ಈ ಆಪರೇಟರ್ ಮಗಳೋ ಸೊಸೆಯೋ ಮೊಮ್ಮಗನೋ ಆಗಿರುತ್ತಾರೆ. ಆಮೇಲೆ ಹಿರಿಯರ ಆಧಾರ್, ಓಟಿಪಿ, ಪಿಪಿಒ (ಪಿಂಚಣಿ ಆದೇಶ ಪತ್ರ) ನಂಬರ್, ಬ್ಯಾಂಕ್ ಖಾತೆಯ ನಂಬರ್. ಕೊನೆಗೆ ಕ್ಯಾಮೆರಾ ನೋಡಿ ಕಣ್ಣು ಮಿಟುಕಿಸಬೇಕು. ಪಾರ್ಶ್ವವಾಯು ಆದ ಕೆಲವರಿಗೆ ಒಂದು ರೆಪ್ಪೆ ಸರಿಯಾಗಿ ಆಡುವುದಿಲ್ಲ. ಪಾರ್ಕಿನ್ಸನ್ ಇರುವ ಕೆಲವರ ತಲೆ ಅಲುಗದೆ ನಿಲ್ಲುವುದಿಲ್ಲ. ಮರೆವಿನ ಕಾಯಿಲೆ ಇರುವ ಅಮ್ಮನಿಗೆ ‘ಒಂದ್ಸಲ ಕಣ್ಣು ಮಿಟುಕಿಸಮ್ಮ’ ಎಂದರೆ ಗಾಬರಿಯಾಗಿ ಮುಖ ತಿರುಗಿಸುತ್ತಾರೆ. ಎಷ್ಟು ಸಲ ಅಂತ ಗೋಗರೆಯುವುದು, ಅಲ್ವಾ?

ಬೆರಳು ಹೋಗಿ ಮುಖ ಬಂತು, ಬ್ಯಾಂಕ್ ಹೋಗಿ ಫೋನ್ ಬಂತು. ಸಾಬೀತು ಮಾಡುವ ಹೊರೆ ಮಾತ್ರ ಹಿರಿಯರ ಮೇಲೇ ಉಳಿಯಿತು. ಯಂತ್ರ ಗುರುತಿಸದಿದ್ದರೆ ಪಿಂಚಣಿ ನಿಲ್ಲಿಸುವ ಮೊದಲು ಒಬ್ಬರು ಮನೆಗೆ ಬಂದು ನೋಡಲೇಬೇಕು ಎಂಬ ಏರ್ಪಾಡು ಇದರ ಜೊತೆಗೇ ಬರಬೇಕಿತ್ತು. ಜೊತೆಗೆ ಯಾರೂ ಇಲ್ಲದ ಹಿರಿಯರಿಗೆ ಈ ಆ್ಯಪ್ ಇದ್ದೂ ಇಲ್ಲದಂತೆಯೇ.

ಕೆಲವು ಸಡಿಲಿಕೆಗಳು ನಿಜಕ್ಕೂ ನೆರವಾಗಿವೆ. 80 ದಾಟಿದ ಕೇಂದ್ರ ಪಿಂಚಣಿದಾರರು ಅಕ್ಟೋಬರಿನಲ್ಲೇ ಸಲ್ಲಿಸಬಹುದು. ಪಿಎಫ್ ಪಿಂಚಣಿದಾರರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಅದು 12 ತಿಂಗಳು ನಡೆಯುತ್ತದೆ.

ಆದರೂ ‘ಆಯ್ತು’ ಎಂಬ ಮೆಸೇಜ್ ಬಂದ ಮಾತ್ರಕ್ಕೆ ಮುಗಿಯುವುದಿಲ್ಲ. ವಿವರ ತಪ್ಪಿದ್ದರೆ ಪಿಂಚಣಿ ಕೊಡುವ ಕಡೆಯಲ್ಲಿ ಅದು ತಿರಸ್ಕಾರವಾಗಬಹುದು. ಪ್ರಮಾಣ್ ಐಡಿ (ಸರ್ಟಿಫಿಕೇಟಿನ ನಂಬರ್) ಹಾಕಿ ಅದನ್ನು ನೋಡುತ್ತಿರುವ ಕೆಲಸವೂ ಈಗ ಮನೆಯಲ್ಲಿ ನೋಡಿಕೊಳ್ಳುವವರದ್ದೇ.