ಒಡೆಯದ ಬೀಜದ ಬೆಲೆ

ಮಂಗಳೂರಿನ ಯಾವ ಅಂಗಡಿಗೆ ಹೋದರೂ ಇಡೀ ಗೇರುಬೀಜಕ್ಕೆ ಒಂದು ರೇಟು, ತುಂಡಿಗೆ ಅದಕ್ಕಿಂತ ಕಡಿಮೆ. ರುಚಿ ಎರಡಕ್ಕೂ ಒಂದೇ. ಪಾಯಸಕ್ಕೆ ಹಾಕುವಾಗ ಇಡೀ ಬೀಜವನ್ನು ನಾವೇ ಮುರಿಯುತ್ತೇವೆ, ಅಲ್ವಾ? ಹಾಗಾದರೆ ಆ ಜಾಸ್ತಿ ದುಡ್ಡು ಯಾತಕ್ಕೆ? ಗುಡ್ಡದಿಂದ ಅಂಗಡಿವರೆಗೆ ಅದನ್ನು ಮುರಿಯದೆ ತಂದದ್ದಕ್ಕೆ.

ಅದು ಸುಲಭವಲ್ಲ. ಗೇರಿನ ಸಿಪ್ಪೆಯೊಳಗೆ ಜೇನುಗೂಡಿನಂಥ ಸಣ್ಣ ಕೋಣೆಗಳಿವೆ. ಅವುಗಳ ತುಂಬ ಎಣ್ಣೆ. ಕೈಗೆ ತಾಗಿದರೆ ಚರ್ಮ ಸುಡುತ್ತದೆ. ಮಾವಿನ ಸೊನೆ ತಾಗಿ ತುಟಿ ಹುಣ್ಣಾದದ್ದು ನಿಮಗೆ ನೆನಪಿರಬಹುದು. ಗೇರು, ಮಾವು ಒಂದೇ ಕುಟುಂಬದವು. ಎರಡರಲ್ಲೂ ಉರಿಸುವ ರಾಸಾಯನಿಕಗಳು ಹತ್ತಿರದ ನೆಂಟರು.

ಕಾರ್ಖಾನೆಯಲ್ಲಿ ಮೊದಲು ಬೀಜವನ್ನು ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಸಿಪ್ಪೆ ಗಡುಸಾಗಿ, ತಿರುಳು ಬಿಟ್ಟುಕೊಳ್ಳುತ್ತದೆ. ಆಗ ಕತ್ತರಿಸಿದರೆ ತಿರುಳಿಗೆ ಪೆಟ್ಟು ಕಡಿಮೆ. ಮುಂದೆ ಬೋರ್ಮಾ ಎಂಬ ಬಿಸಿಗಾಳಿಯ ಗೂಡು. ಅಲ್ಲಿ ಗಂಟೆಗಟ್ಟಲೆ ಇಟ್ಟಾಗ ತಿರುಳಿಗೆ ಅಂಟಿದ ಕೆಂಪು ಪೊರೆ ಸಡಿಲವಾಗುತ್ತದೆ. ಕಷ್ಟ ಇರುವುದು ಇಲ್ಲೇ. ಪೊರೆ ಬಿಡಬೇಕಾದರೆ ತಿರುಳು ಒಣಗಲೇಬೇಕು. ಜಾಸ್ತಿ ಒಣಗಿತೋ, ಮುಟ್ಟಿದರೆ ಮುರಿಯುತ್ತದೆ. ತೇವ ಉಳಿಯಿತೋ, ಡಬ್ಬಿಯಲ್ಲಿ ಬೂಸ್ಟು ಬರುತ್ತದೆ. ಪ್ಯಾಕ್ ಮಾಡುವಾಗ ನೀರಿನಂಶ ಶೇಕಡ 5ರ ಆಸುಪಾಸಿನಲ್ಲಿರಬೇಕು.

ಪೊರೆ ಸುಲಿಯುವವರು, ಗ್ರೇಡ್ ಮಾಡುವವರು ಹೆಚ್ಚಾಗಿ ಹೆಂಗಸರು. ಈಗ ಯಂತ್ರಗಳು ಬಂದಿವೆ. ಆದರೂ ಯಂತ್ರ ಬಿಟ್ಟ ಪೊರೆಯನ್ನು ತೆಗೆಯುವುದು ಅವರ ಕೈಯ ಚಿಕ್ಕ ಚೂರಿ. ಪ್ಯಾಕೆಟ್ ಮೇಲೆ ಡಬ್ಲ್ಯು 180, 240, 320 ಅಂತ ಇರುತ್ತದಲ್ಲ, ಅದು ಎಣಿಕೆ. ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, ಹೆಚ್ಚೆಂದರೆ ಅಷ್ಟು ಇಡೀ ಬೀಜ. ನಂಬರು ಚಿಕ್ಕದಾದಷ್ಟೂ ಬೀಜ ದೊಡ್ಡದು. ಸಿಪ್ಪೆಯೂ ಸುಮ್ನೆ ಹೋಗುವುದಿಲ್ಲ. ಅದರ ಎಣ್ಣೆ ಪೇಂಟಿಗೆ, ವಾಹನದ ಬ್ರೇಕಿಗೆ ಬೇಕು.

ಆದರೆ ಒಳ್ಳೆಯ ತಿರುಳಿನ ಕೆಲಸ ಶುರುವಾಗುವುದು ಕಾರ್ಖಾನೆಯಲ್ಲಲ್ಲ, ಮನೆಯಂಗಳದಲ್ಲಿ. ಹೆಕ್ಕಿದ ಬೀಜವನ್ನು ಎರಡು ಮೂರು ದಿನ ಬಿಸಿಲಿಗೆ ಹಾಕಬೇಕು. ಇಲ್ಲದಿದ್ದರೆ ಒಳಗೆ ಕಲೆ ಬೀಳುತ್ತದೆ. ಊರಿನ ಅಂಗಡಿಯಲ್ಲಿ ಎಷ್ಟೋ ಸಲ ಒಣಗಿದ್ದಕ್ಕೂ ಹಸಿಗೂ ಒಂದೇ ರೇಟು. ಒಣಗಿಸಿದಷ್ಟೂ ತೂಕ ಇಳಿಯುತ್ತದೆ. ಶ್ರಮಪಟ್ಟವರಿಗೇ ನಷ್ಟ. ಇದು ನನಗೆ ತುಂಬ ಬೇಸರದ ವಿಷಯ. ಆಫ್ರಿಕಾದಿಂದ ಹಡಗಿನಲ್ಲಿ ಬರುವ ಬೀಜಕ್ಕೆ ಹೀಗೆ ಮಾಡುವುದಿಲ್ಲ. ಸ್ಯಾಂಪಲ್ ಕತ್ತರಿಸಿ, ಒಳ್ಳೆಯ ತಿರುಳು ಎಷ್ಟಿದೆ ಎಂದು ತೂಗಿ ಬೆಲೆ ಕಟ್ಟುತ್ತಾರೆ. ಅದಕ್ಕೆ ಬೇಕಾದದ್ದು ಒಂದು ಕತ್ತರಿ, ಒಂದು ತಕ್ಕಡಿ. ಕಾರ್ಕಳದ ಅಜ್ಜಿಯೊಬ್ಬರು ಚೀಲ ಇಳಿಸಿದಾಗಲೂ ಅಂಗಡಿಯವರು ಒಂದು ಹಿಡಿ ಬೀಜ ಕತ್ತರಿಸಿ ನೋಡಿ ರೇಟು ಹೇಳಬೇಕು.