ಕೈ ಬದಲಿಸಿದ ಅಪವಾದ

ಕ್ರಿ.ಶ. 177. ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ರೈಸ್ತರನ್ನು ಹಿಡಿದು ಹಿಂಸಿಸುತ್ತಿದ್ದರು. ಹೆದರಿದ ಮನೆಯಾಳುಗಳು ಸೈನಿಕರ ಒತ್ತಾಯಕ್ಕೆ ಮಣಿದು ಸಾಕ್ಷಿ ನುಡಿದರು: ನಮ್ಮ ಒಡೆಯರು ನರಮಾಂಸ ತಿನ್ನುತ್ತಾರೆ, ರಕ್ತಸಂಬಂಧವನ್ನೂ ನೋಡದೆ ಕೂಡುತ್ತಾರೆ. ತೊಂಬತ್ತು ದಾಟಿದ ಬಿಷಪ್ ಪೊಥಿನಸ್ ಸೆರೆಮನೆಯಲ್ಲೇ ಪ್ರಾಣ ಬಿಟ್ಟರು. ಅವರ ಪೀಠಕ್ಕೆ ಬಂದವರು ಐರೇನಿಯಸ್.

ಈ ಅಪವಾದ ಆಗಲೇ ಹಳೆಯದು. ಎರಡು ದಶಕಗಳ ಹಿಂದೆ ರೋಮಿನಲ್ಲಿ ಕ್ರೈಸ್ತ ಚಿಂತಕ ಜಸ್ಟಿನ್ ಅದನ್ನು ಅಲ್ಲಗಳೆದು ಚಕ್ರವರ್ತಿಗೇ ಬರೆದಿದ್ದರು. ಆದರೆ ಅದೇ ಬರಹದಲ್ಲಿ ಭಿನ್ನಪಂಥದ ಗುರುಗಳಾದ ಸೈಮನ್, ಮಾರ್ಸಿಯನ್ ಇವರ ಅನುಯಾಯಿಗಳ ಮಾತು ಬಂದಾಗ ಜಸ್ಟಿನ್ ದನಿ ಬದಲಾಗುತ್ತದೆ: ದೀಪ ಉರುಳಿಸಿ ಕತ್ತಲಲ್ಲಿ ಕೂಡುವುದು, ನರಮಾಂಸ ತಿನ್ನುವುದು, ಇವನ್ನೆಲ್ಲ ಅವರು ಮಾಡುತ್ತಾರೋ ಇಲ್ಲವೋ ನಮಗೆ ತಿಳಿಯದು. ಅಷ್ಟೇ ಸಾಕಾಯಿತು. ತಮ್ಮನ್ನು ಸುಟ್ಟ ಕೆಂಡವನ್ನು ನೆರೆಯವರ ಮಾಡಿನ ಮೇಲೆ ಇಟ್ಟಂತೆ. ಜಸ್ಟಿನ್ ಮುಂದೆ ತಮ್ಮ ನಂಬಿಕೆಗಾಗಿಯೇ ತಲೆಕೊಟ್ಟವರು. ಅದಕ್ಕೇ ಈ ಸಾಲು ನನ್ನನ್ನು ಹೆಚ್ಚು ನೋಯಿಸುತ್ತದೆ.

ಐರೇನಿಯಸ್ ಸುಮಾರು 180ರಲ್ಲಿ ಐದು ಸಂಪುಟಗಳನ್ನು ಬರೆದು, ಪಾಷಂಡಿಗಳೆಲ್ಲರ, ಅಂದರೆ ದಾರಿತಪ್ಪಿದವರೆಂದು ತಾವು ಕಂಡ ಪಂಥದವರ, ವಂಶವೃಕ್ಷದ ಬೇರಿಗೆ ಸಮಾರಿಯದ ಮಾಂತ್ರಿಕ ಸೈಮನ್‌ನನ್ನು ಇಟ್ಟರು. 370ರ ದಶಕದಲ್ಲಿ ಸೈಪ್ರಸ್‌ನ ಬಿಷಪ್ ಎಪಿಫೇನಿಯಸ್ ಎಂಬತ್ತು ಪಂಥಗಳನ್ನು ವಿಷಸರ್ಪಗಳಿಗೆ ಹೋಲಿಸಿ, ತಮ್ಮ ಗ್ರಂಥವನ್ನು ಔಷಧಪೆಟ್ಟಿಗೆ ಎಂದು ಕರೆದರು.

ಇಂಥ ಪಂಥಗಳನ್ನು ಹಳಿಯಲು ಇವರು ಬಳಸಿದ 'ಹೈರೆಸಿಸ್' ಎಂಬ ಗ್ರೀಕ್ ಪದಕ್ಕೆ ಮೊದಲಿದ್ದ ಅರ್ಥ ಆಯ್ಕೆ, ಚಿಂತನೆಯ ಪಂಥ. ನಮ್ಮ 'ಪಾಷಂಡ'ವೂ ಹಾಗೆಯೇ ಬೈಗುಳಾಗಿ ಇಳಿದ ಪದ. ತನ್ನ ಪಾಷಂಡವನ್ನು ಹೊಗಳಿಕೊಂಡು ಪರರದನ್ನು ಹಳಿಯಬಾರದು ಎನ್ನುವ ಅಶೋಕನ ಹನ್ನೆರಡನೆಯ ಬಂಡೆಶಾಸನದ ಭಾಗವೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ದೊರೆತಿದೆ.

ರೋಮನ್ ಸಾಮ್ರಾಜ್ಯದಲ್ಲಿ ಹಬ್ಬಿದ್ದ ಮಿತ್ರ ಎಂಬ ದೇವರ ರಹಸ್ಯ ಆರಾಧನೆಯ ವಿಷಯದಲ್ಲಿ ತೊಡಕು ಬೇರೆ. ಅಲ್ಲಿಯೂ ರೊಟ್ಟಿ ಇತ್ತು, ನೀರಿನ ಬಟ್ಟಲಿತ್ತು. ಕ್ರೈಸ್ತರ ಪರಮಪ್ರಸಾದದ ರೊಟ್ಟಿ, ಬಟ್ಟಲುಗಳೊಡನೆ ಹೋಲಿಕೆ ಕಣ್ಣಿಗೆ ಹೊಡೆಯುವಷ್ಟಿತ್ತು. ದೆವ್ವಗಳು ನಮ್ಮದನ್ನು ನಕಲು ಮಾಡಿವೆ ಎಂದರು ಜಸ್ಟಿನ್. ಕಾರ್ಥೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕೂಡ ಸೈತಾನನನ್ನೇ ದೂರಿದರು.

ಶತಮಾನಗಳ ಕಾಲ ಪಾಷಂಡಿಗಳ ಚಿತ್ರ ಬಹುಮಟ್ಟಿಗೆ ವಿರೋಧಿಗಳ ಲೇಖನಿಯಿಂದಲೇ ಸಿಕ್ಕಿತು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ರೈತರಿಗೆ ಮಣ್ಣಿನ ಜಾಡಿಯೊಂದರಲ್ಲಿ, ಅಂಥವರದೇ ಬರಹಗಳಿದ್ದ, ಈಜಿಪ್ಟಿನ ಹಳೆಯ ಕಾಪ್ಟಿಕ್ ನುಡಿಯ ಹೊತ್ತಗೆಗಳು ಸಿಕ್ಕವು. ಆ ಪುಟಗಳಲ್ಲಿ ಧ್ಯಾನವಿದೆ, ಸ್ತೋತ್ರವಿದೆ, ಸೃಷ್ಟಿಯ ಕಥೆಗಳಿವೆ. ಬೈಗುಳವೂ ಇದೆ: ಅಲ್ಲಿನ 'ಪೇತ್ರನ ದರ್ಶನ' ಎಂಬ ಕೃತಿ, ತಾವು ಬಿಷಪ್ಪರೆಂದು ಹೇಳಿಕೊಳ್ಳುವವರನ್ನು ನೀರಿಲ್ಲದ ಕಾಲುವೆಗಳು ಎಂದು ಕರೆಯುತ್ತದೆ.